ಆರು ತೂತಿನ ಒಲೆ

ನಮ್ಮ ಮನೆಗೆ ಹೊಸದಾಗಿ ಕಟ್ಟಿಗೆ ಒಲೆ ಬಂತು ಎಂದರೆ ಕೇಳಿದವರು ಮೊದಲು ನಗುತ್ತಾರೆ. ನಮ್ಮ ಯಜಮಾನರು ಕದ್ರಾ ಅಣೆಕಟ್ಟಿನ ವಿದ್ಯುತ್ ಮನೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಊರೂರಿಗೆ ಕರೆಂಟು ಕಳಿಸಿದವರ ಮನೆಯಲ್ಲೇ ಕಟ್ಟಿಗೆಯಾ ಎಂದು ಬೆಳಂಬಾರದ ನೆರೆಹೊರೆಯವರು ಈಗಲೂ ಚುಚ್ಚುತ್ತಾರೆ. ದೀಪದ ಬುಡದಲ್ಲಿ ಕತ್ತಲೆ ಎಂದು ಇವರೂ ನಗುತ್ತಾರೆ. ಆ ಒಲೆ ಬಂದದ್ದು ಒಂದು ಕೂಸಿನ ಸಲುವಾಗಿ. ಅದನ್ನು ಎಲ್ಲರಿಗೂ ಬಿಡಿಸಿ ಹೇಳುತ್ತಾ ಕೂರಲಿಕ್ಕೆ ಆಗುವುದಿಲ್ಲ.

ಮಗಳ ಚೊಚ್ಚಲ ಹೆರಿಗೆ. ದೀಪಾವಳಿ ಕಳೆದ ಮೇಲೆ ದಿನ ತುಂಬುವುದಿತ್ತು. ಬಾಣಂತನ ನಮ್ಮಲ್ಲೇ ಎಂದು ಮೊದಲೇ ನಿಶ್ಚಯವಾಗಿ, ನಾನು ಹಳೇ ಹತ್ತಿ ಸೀರೆಗಳನ್ನು ಹರಿದು ತೊಳೆದು ಮಡಚಿಟ್ಟಿದ್ದೆ. ಆದರೆ ಆಯುಧಪೂಜೆಯ ದಿನ, ಇವರ ಸ್ಕೂಟರಿಗೆ ಹೂವು ಏರಿಸುತ್ತಿದ್ದಾಗ, ಒಳಗಿಂದ ಮಗಳು "ಅಮ್ಮಾ" ಎಂದು ಕೂಗಿದಳು. ಆ ಕೂಗಿನಲ್ಲೇ ನನಗೆ ತಿಳಿಯಿತು. ಬಾಡಿಗೆ ಕಾರಿನಲ್ಲಿ ಕಾರವಾರದ ಆಸ್ಪತ್ರೆ ಸೇರಿದೆವು. ಸಂಜೆಗೆ ಹೆಣ್ಣು ಕೂಸು. ಆರು ವಾರ ಮೊದಲೇ ಬಂದ ಕೂಸು. ನನ್ನ ಎರಡು ಅಂಗೈ ಜೋಡಿಸಿದರೆ ಅದರಲ್ಲೇ ಮಲಗುವಷ್ಟು. ತೂಕ ಎರಡು ಕಿಲೋ ಕೂಡ ಇರಲಿಲ್ಲ. ಆದರೆ ಅತ್ತಿತು. ಬೆಕ್ಕಿನ ಮರಿಯ ಹಾಗೆ, ಸಣ್ಣಗೆ, ಆದರೆ ಅತ್ತಿತು. ದೇವಿಯ ಒಂಬತ್ತು ರಾತ್ರಿ ಮುಗಿಯುವ ಹೊತ್ತಿಗೆ ಬಂದವಳು, ದೇವಿಯೇ ಕಾಯುತ್ತಾಳೆ ಎಂದು ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಕೈ ಮುಗಿದೆ.

ಕೂಸನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟರು. ನಾನು ದಿನಕ್ಕೊಮ್ಮೆ ಬೆಳಂಬಾರದಿಂದ ಅಂಕೋಲೆಗೆ, ಅಂಕೋಲೆಯಿಂದ ಕಾರವಾರಕ್ಕೆ ಬಸ್ಸು ಹತ್ತಿ, ಮಗಳಿಗೆ ಗಂಜಿ, ಸಾರು ಒಯ್ಯುತ್ತಿದ್ದೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿದರೆ ಅದೂ ಒಂದು ದಯೆ. ಸಂಜೆ ದೀಪ ಹಚ್ಚಿದ ಮೇಲೆ ಬೆರಳು ಮಡಚಿ ಆ ದಿನದ ದಯೆಗಳನ್ನು ಎಣಿಸುವುದು ನನ್ನ ರೂಢಿ. ಕೂಸು ಇವತ್ತು ಹಾಲು ಕುಡಿಯಿತು, ಒಂದು. ಸಾರಿನ ಡಬ್ಬಿ ಚೆಲ್ಲಲಿಲ್ಲ, ಎರಡು. ಇಂಥವೇ. ದೊಡ್ಡದನ್ನು ಕೇಳಿ ದೇವರನ್ನು ಪೇಚಿಗೆ ಸಿಕ್ಕಿಸಬಾರದು ಎಂದು ನನ್ನ ತಾಯಿ ಹೇಳುತ್ತಿದ್ದಳು.

ಹತ್ತನೆಯ ದಿನವೋ ಹನ್ನೊಂದನೆಯ ದಿನವೋ, ಡಾಕ್ಟರಮ್ಮ ನನ್ನನ್ನು ಕರೆದು ಕೂರಿಸಿಕೊಂಡರು.

"ಹೀಗೇ ತೂಕ ಏರಿದ್ರೆ ಹಬ್ಬಕ್ಕೆ ಮನೆಗೆ ಕಳಿಸ್ತೇನೆ. ಆದ್ರೆ ಕೋಣೆ ಬೆಚ್ಚಗಿರ್ಬೇಕು. ನಿಮ್ಗೆ ಸೆಕೆ ಆದ್ರೆ ಆಗ್ಲಿ, ಕೂಸಿಗೆ ಅದೇ ಸಮ. ತಾಯಿ ಎದೆಗೆ ಒತ್ತಿ ಮಲಗಿಸ್ಕೊಳ್ಳಿ. ಸ್ನಾನ ನಾನು ಹೇಳುವವರೆಗೆ ಬೇಡ."

"ಆಯ್ತು" ಎಂದೆ.

"ಮತ್ತೆ ಹೊಗೆ ಬೇಡ, ಒಂದೆಳೆ ಕೂಡ. ನಿಮ್ಮ ಕಡೆ ಬಾಣಂತಿ ಕೋಣೆಯಲ್ಲಿ ಕೆಂಡ ಇಡ್ತಾರಲ್ಲ, ಅದಂತೂ ಇಡ್ಲೇಬೇಡಿ. ಕೆಂಡದಲ್ಲಿ ಹೊಗೆ ಕಾಣದಿದ್ರೂ ವಿಷಗಾಳಿ ಇರ್ತದೆ. ಮುಚ್ಚಿದ ಕೋಣೆಯಲ್ಲಿ ಅದು ದೊಡ್ಡವರನ್ನೂ ಬಿಡುದಿಲ್ಲ."

ಮನೆಗೆ ಬಂದು ಇದನ್ನೆಲ್ಲ ಊಟದ ಹೊತ್ತಿಗೆ ಹೇಳಿದೆ. ಇವರು ತಲೆಯಾಡಿಸಿದರು. ಅತ್ತೆ, ಎಂಬತ್ತು ದಾಟಿದವರು, ಊರಲ್ಲಿ ಎಷ್ಟೋ ಬಾಣಂತನ ಮಾಡಿದ ಕೈ, ತಟ್ಟೆಯಲ್ಲಿ ಅನ್ನ ಕಲಸುತ್ತಿದ್ದವರು ಹಾಗೇ ಕೈ ನಿಲ್ಲಿಸಿದರು. "ಎಂಥ ಗಾಳಿ?" ಎಂದು ಕೇಳಿದರು. ಕಣ್ಣಿಗೆ ಕಾಣದ ವಿಷಗಾಳಿಯಂತೆ ಎಂದೆ. ಅವರು ಅರ್ಧ ಊಟಕ್ಕೇ ಎದ್ದು ಹಿಂಬದಿಗೆ ಹೋಗಿ ಕೈ ತೊಳೆದುಕೊಂಡರು. ಡಾಕ್ಟರು ತಮ್ಮ ಪದ್ಧತಿಗೆ ಕುಂದು ಹೇಳಿದ್ದು ಸೇರಲಿಲ್ಲ ಎಂದು ನಾನು ತಿಳಿದೆ.

ಕರಾವಳಿಯಲ್ಲಿ ಚಳಿ ಎಲ್ಲಿದೆ ಎಂದು ಘಟ್ಟದ ಮೇಲಿನವರು ಕೇಳಬಹುದು. ನಮಗೂ ಅದು ಚಳಿಯಲ್ಲ. ಆದರೆ ನಮ್ಮ ಬಾಣಂತಿ ಕೋಣೆ ಮನೆಯ ಬಡಗಣ ಮೂಲೆಯಲ್ಲಿದೆ, ಹಲಸಿನ ಮರದ ನೆರಳಿನಲ್ಲಿ. ಚಿರೆಕಲ್ಲಿನ ಗೋಡೆ ಮಳೆಗಾಲದ ನೀರು ಕುಡಿದದ್ದು ದೀಪಾವಳಿಯವರೆಗೂ ಆರುವುದಿಲ್ಲ. ಬೆಳಗಿನ ಜಾವ ಗುಡ್ಡದ ಕಡೆಯಿಂದ ಸಮುದ್ರಕ್ಕೆ ಇಳಿಯುವ ಗಾಳಿಗೆ ನನ್ನ ಮೊಣಕಾಲೇ ನೋಯುತ್ತದೆ. ಎರಡು ಕಿಲೋದ ಜೀವಕ್ಕೆ ಅದು ಸಾಮಾನ್ಯವೇ?

ಇವರು ಮರುದಿನವೇ ಕಾರವಾರದಿಂದ ಕರೆಂಟಿನ ಹೀಟರು ತಂದರು. ಪೆಟ್ಟಿಗೆ ಬಿಚ್ಚಿ, ಕೋಣೆಯಲ್ಲಿಟ್ಟು, ಮನೆಯವರನ್ನೆಲ್ಲ ಕರೆದು ಗುಂಡಿ ಒತ್ತಿದರು. ಕೆಂಪಗೆ ಹೊಳೆಯಿತು. ಚೆಂದವೇ ಇತ್ತು. ಸಂಜೆ ನಾಲ್ಕು ಹನಿ ಮಳೆ, ಎಲ್ಲೋ ತೆಂಗಿನ ಮಡಲು ತಂತಿಯ ಮೇಲೆ ಬಿತ್ತು, ಕರೆಂಟು ಹೋಯಿತು. ಮೂರು ತಾಸು ಬರಲಿಲ್ಲ.

"ಹೋದದ್ದು ಬತ್ತದೆ ಆಯಿ, ಅದ್ಕೆಂತಕ್ಕೆ ಮುಖ ಸಣ್ಣ ಮಾಡ್ತೆ?" ಎಂದು ಇವರು ತಾಯಿಗೆ ಹೇಳಿದರು.

"ಕರೆಂಟು ಹೋದ್ರೆ ಬತ್ತದೆ. ಕೂಸು ಹೋದ್ರೆ ಬತ್ತದ್ಯ?" ಎಂದರು ಅತ್ತೆ.

ಇವರು ಹೀಟರನ್ನು ಮತ್ತೆ ಪೆಟ್ಟಿಗೆಗೆ ಹಾಕಿ ಅಟ್ಟಕ್ಕೆ ಏರಿಸಿದರು.

ದಾರಿ ತೋರಿಸಿದವಳು ಮಗಳೇ. ಆಸ್ಪತ್ರೆಯ ಮಂಚದ ಮೇಲೆ, ಕೂಸನ್ನು ಎದೆಗೆ ಕಟ್ಟಿಕೊಂಡು ಒಂದೇ ಭಂಗಿಯಲ್ಲಿ ತಾಸುಗಟ್ಟಲೆ ಕೂರುವವಳಿಗೆ ಫೋನೊಂದೇ ಸಂಗಾತಿ. ಒಂದು ಮಧ್ಯಾಹ್ನ ನನಗೆ ಒಂದು ಚಿತ್ರ ತೋರಿಸಿದಳು. ಯಾವುದೋ ಚಳಿ ದೇಶದ ಮನೆ. ಗೋಡೆಯಲ್ಲಿ ಬೆಂಕಿಗಾಗಿ ಮಾಡಿದ ಹಳೇ ಗೂಡು, ಅದರೊಳಗೆ ಹೊಸದಾಗಿ ಕೂರಿಸಿದ ಕಬ್ಬಿಣದ ಪೆಟ್ಟಿಗೆ. ಪೆಟ್ಟಿಗೆಗೆ ಗಾಜಿನ ಬಾಗಿಲು. ಒಳಗೆ ಕಟ್ಟಿಗೆ ಉರಿಯುತ್ತಿದೆ. ಹೊಗೆ ಕೊಳವೆಯಲ್ಲಿ ಮೇಲೆ ಹೋಗುತ್ತದಂತೆ, ಕಾವು ಮಾತ್ರ ಮನೆಯೊಳಗೆ ಉಳಿಯುತ್ತದಂತೆ.

"ಅಮ್ಮಾ, ನಮ್ಮ ಬಚ್ಚಲ ಒಲೆ ಗೂಡೂ ಹಿಂಗೇ ಅದೆ ಅಲ್ದಾ? ಬಾಣಂತಿ ಕೋಣೆ ಗೋಡೆಗೆ ತಾಗೇ ಅದೆ."

"ಗಾಜಿನ ಬಾಗ್ಲು ಹಾಕಿದ್ರೆ ನಿನ್ನ ಅಜ್ಜಿ ಅದ್ರ ಮುಂದೆ ಕೂತು ಟೀವಿ ನೋಡ್ದಂಗೆ ನೋಡ್ತ್ರು" ಎಂದೆ. ಇಬ್ಬರೂ ನಕ್ಕೆವು. ಎದೆಗೆ ಕಟ್ಟಿದ ಕೂಸು ನಗೆಯ ಕುಲುಕಾಟಕ್ಕೆ ಕಣ್ಣು ಬಿಟ್ಟಿತು.

ನಗೆ ಮುಗಿದ ಮೇಲೆ ಬಸ್ಸಿನಲ್ಲಿ ಆ ಮಾತು ಕೊರೆಯತೊಡಗಿತು. ಬಚ್ಚಲ ಒಲೆ ಎಂದರೆ ಹಂಡೆಯಲ್ಲಿ ಮೀಯುವ ನೀರು ಕಾಯಿಸುವ ಒಲೆ. ನಮ್ಮದು ಗೋಡೆಯೊಳಗೇ ಹುಗಿದ ಹಳೇ ಮಣ್ಣಿನ ಒಲೆ. ಬಾಯಿ ಬಚ್ಚಲ ಕಡೆಗೆ, ಬೆನ್ನು ಬಾಣಂತಿ ಕೋಣೆಗೆ. ಆ ಗೂಡಿಗೆ ಕಬ್ಬಿಣದ ಪೆಟ್ಟಿಗೆ ಕೂರಿಸಿ, ಬೆನ್ನಿನ ಕಲ್ಲು ತೆಗೆದು ಕಬ್ಬಿಣದ ಹಾಳೆ ಕಾಣುವಂತೆ ಮಾಡಿದರೆ, ಬೆಂಕಿ ಬಚ್ಚಲಲ್ಲಿ, ಹೊಗೆ ಹಂಚಿನ ಮೇಲೆ, ಕಾವು ಕೂಸಿಗೆ. ಹಿಂದಿನವರು ಬಾಣಂತಿ ಕೋಣೆಯನ್ನು ಅಲ್ಲಿಯೇ ಯಾಕೆ ಕಟ್ಟಿದರು ಎಂಬುದು ನನಗೆ ಆಗ ಹೊಳೆಯಿತು. ಇಷ್ಟು ವರ್ಷ ಆ ಮನೆಯಲ್ಲಿ ನೀರು ಕಾಯಿಸಿದವಳು ನಾನು.

ಒಲೆಯ ಆಯ್ಕೆ ಮಾತ್ರ ಗಂಡು ನೋಡಿದಷ್ಟೇ ಕಷ್ಟವಾಯಿತು. ಕಾರವಾರದ ಅಂಗಡಿಯೊಂದರಲ್ಲಿ ತಗಡಿನ ಒಲೆ ಇತ್ತು, ಹೊಳೆಯುವ ಬಣ್ಣ, ಬಾಗಿಲ ಮೇಲೆ ಹೂವಿನ ಚಿತ್ರ. ನನಗೆ ಮನಸ್ಸಾಯಿತು. ಬಾಳಿಕೆ ಬರುತ್ತದೆಯೇ ಎಂದು ಕೇಳಿದೆ.

"ನಿಮ್ಮ ಮನೆ ಎಲ್ಲಿ?"

"ಬೆಳಂಬಾರ."

"ಸಮುದ್ರದ ಹತ್ರ. ಹಂಗಾದ್ರೆ ಬೇಡ ಅಮ್ಮಾ. ತೆಳು ತಗಡು, ಉಪ್ಪುಗಾಳಿಗೆ ಎರಡು ಮಳೆಗಾಲ ನಿಂತ್ರೆ ಹೆಚ್ಚು. ನನ್ನ ಅಂಗಡಿ ಶಟರ್ ನೋಡಿ, ಕೆಳಗೆ ಜಾಳಿಗೆ ಆಗಿದೆ." ಮಾರುವವನೇ ಬೇಡ ಎಂದದ್ದನ್ನು ಆ ದಿನ ಸಂಜೆ ಬೆರಳು ಮಡಚಿ ಎಣಿಸಿದೆ.

ಅಂಕೋಲೆ ಪೇಟೆಯಲ್ಲಿ ಎರಕದ ಕಬ್ಬಿಣದ್ದೊಂದು ಸಿಕ್ಕಿತು. ಇವರೂ ಜೊತೆಗಿದ್ದರು. ಎತ್ತಲು ಇಬ್ಬರು ಬೇಕು, ಅಷ್ಟು ಗಟ್ಟಿ. ಇವರು ಬೆರಳಿನಿಂದ ಬಡಿದು ನೋಡಿ, "ಮೊಮ್ಮಗಳ ಮೊಮ್ಮಗಳಿಗೂ ಸಾಕು" ಎಂದರು. ನಾನು ಅದರ ಬಾಯಿಯೊಳಗೆ ಕೈ ಹಾಕಿದೆ. ಮೊಣಕೈ ತನಕ ಹೋಗಲಿಲ್ಲ.

"ಇದ್ರೊಳಗೆ ಎಂತ ಹಾಕುದು?" ಎಂದು ಕೇಳಿದೆ.

"ಕಟ್ಟಿಗೆ."

"ಯಾವ ಕಟ್ಟಿಗೆ? ನಮ್ಮನೇಲಿ ಉರಿಸುದು ತೆಂಗಿನ ಮಡಲು, ಸಿಪ್ಪೆ, ಗಾಳಿಮರದ ತುಂಡು. ಇದಕ್ಕೆ ಗಟ್ಟಿ ಕಟ್ಟಿಗೆನ ಗೇಣುದ್ದ ಕಡಿದು ಹಾಕ್ಬೇಕು. ದಿನಾ ಬೆಳಗಾದ್ರೆ ಕೊಡಲಿ ಹಿಡಿಯೂಕೆ ನೀವು ತಯಾರಾ?"

ಇವರು ಒಲೆಯನ್ನು ಇನ್ನೊಮ್ಮೆ ಬಡಿದು ನೋಡಿ, "ಗಟ್ಟಿ ಅಂತೂ ಹೌದು" ಎಂದು ಹೊರಗೆ ನಡೆದರು.

ಕಡೆಗೆ ಹೋದದ್ದು ಅಂಕೋಲೆಯಲ್ಲಿ ಗೇಟು, ಕಿಟಕಿ ಸರಳು ಮಾಡುವ ವೆಲ್ಡಿಂಗಿನವನ ಹತ್ತಿರ. ಅವನ ಶೆಡ್ಡಿನ ಮುಂದೆ ನಿಂತು ನಾನು ವಿವರಿಸಿದೆ. ಗೂಡಿನ ಅಗಲ ಎರಡು ಗೇಣು ನಾಲ್ಕು ಬೆರಳು, ಎತ್ತರ ಎರಡು ಗೇಣು.

"ಯಾರ ಗೇಣು ಅಕ್ಕಾ?"

"ನಂದು."

"ನಿಮ್ಮ ಗೇಣಿಗೆ ಮಾಡಿದ್ರೆ ನಿಮ್ಮ ಕೈನೂ ಜೊತಿಗೆ ಇಟ್ಕಣ್ಬೇಕಾತದೆ. ಅರೆ ದೇವಾ, ನಾನೇ ಬತ್ತೆ."

ಬಂದ. ಟೇಪು ಹಿಡಿದು ಗೂಡಿನೊಳಗೆ ತಲೆ ಹಾಕಿ ಮಸಿ ಬಳಿದುಕೊಂಡು ಹೊರಬಂದ. ದಪ್ಪ ಹಾಳೆಯ ಪೆಟ್ಟಿಗೆ, ಅದರ ಮೇಲೆ ಹಂಡೆ ಕೂರುವಷ್ಟು ಜಾಗ, ಮಡಲು ಮುರಿಯದೆ ಹೋಗುವಷ್ಟು ದೊಡ್ಡ ಬಾಯಿ, ಚಿಲಕದ ಬಾಗಿಲು, ಹಂಚಿನಿಂದ ಮೇಲೆ ಮೂರು ಅಡಿ ಕೊಳವೆ ಎಂದು ತೀರ್ಮಾನವಾಯಿತು.

ಅತ್ತೆ ಇದನ್ನೆಲ್ಲ ಬಚ್ಚಲ ಹೊಸ್ತಿಲ ಮೇಲೆ ಕೂತು ಕೇಳಿದರು. "ಬೆಂಕಿನ ಪೆಟ್ಟಿಗೆಲಿ ಹಾಕಿ ಚಿಲಕ ಹಾಕುದಾ? ಅಗ್ನಿ ಅಂದ್ರೆ ದೇವ್ರಾ, ಕಳ್ಳನಾ?"

"ದೇವ್ರೇ ಅಜ್ಜಿ. ಗರ್ಭಗುಡಿಗೂ ಬಾಗ್ಲು ಇರ್ತದ್ಯಲ್ಲ?" ಎಂದ ವೆಲ್ಡಿಂಗಿನವ.

ಅತ್ತೆಯ ಮುಖ ಸಡಿಲವಾಗಲಿಲ್ಲ. "ಗೋಡೆ ಒಡೆಯೂಕೆ ಬಂದವನ ಬಾಯಿ ಚಾಲಾಕು" ಎಂದು ನನಗೆ ಹೇಳಿದರು. ಆಮೇಲಿನ ದಿನಗಳಲ್ಲೂ ಆ ಒಲೆಯ ಬಗ್ಗೆ ಒಂದು ಒಳ್ಳೆಯ ಮಾತು ಅವರಿಂದ ಬರಲಿಲ್ಲ.

ಒಲೆ ಕೂರಿಸಿದ ದಿನ ನಾನು ಮನೆಯಲ್ಲಿರಲಿಲ್ಲ. ಮಗಳಿಗೆ ಸ್ವಲ್ಪ ಜ್ವರ ಬಂದಿತ್ತು, ಆ ರಾತ್ರಿ ಆಸ್ಪತ್ರೆಯಲ್ಲೇ ಉಳಿದೆ. ಒಲೆ ಕೂತಿತು, ಹಚ್ಚಿ ನೋಡಿದೆವು, ಚೆನ್ನಾಗಿ ಉರಿಯಿತು ಎಂದು ಇವರು ಫೋನಿನಲ್ಲಿ ಹೇಳಿದರು. ಬೆಳಿಗ್ಗೆ ಜ್ವರ ಇಳಿಯಿತು. ಡಾಕ್ಟರಮ್ಮ ಕೂಸನ್ನು ತೂಗಿ, ನಾಳೆ ಮನೆಗೆ ಹೋಗಬಹುದು ಎಂದರು. ಮರುದಿನ ನರಕ ಚತುರ್ದಶಿ.

ಅಂದರೆ ಅವತ್ತು ಸಂಜೆ ನೀರು ತುಂಬುವ ಹಬ್ಬ. ನಮ್ಮ ಕಡೆ ದೀಪಾವಳಿ ಬಚ್ಚಲಿನಿಂದಲೇ ಶುರು. ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಫಳಫಳ ಮಾಡಬೇಕು, ಅದರ ಕುತ್ತಿಗೆಗೆ ಹಿಂಡಲಕಾಯಿ ಎಂಬ ಕಹಿಕಾಯಿಯ ಬಳ್ಳಿ ಸುತ್ತಬೇಕು, ಬಾವಿಯ ನೀರು ತುಂಬಿ ಪೂಜೆ ಮಾಡಬೇಕು. ಒಲೆಯನ್ನು ಕೆಮ್ಮಣ್ಣಿನಿಂದ ಸಾರಿಸಿ, ಬಿಳಿ ಶೇಡಿಮಣ್ಣಿನಿಂದ ಗೆರೆ ಬರೆಯಬೇಕು. ಮದುವೆಯಾಗಿ ಬಂದಂದಿನಿಂದ ಆ ಕೆಲಸ ನನ್ನದು.

ಕಾರವಾರದಿಂದ ಬಂದವಳೇ ಸೀರೆ ಎತ್ತಿ ಕಟ್ಟಿ ಕೂತೆ. ಗೂಡಿನಲ್ಲಿ ಕಬ್ಬಿಣದ ಮುಖ ಹೊಸ ನೆಂಟನಂತೆ ಬಿಗಿದುಕೊಂಡು ಕೂತಿತ್ತು. ಅದಕ್ಕೂ ಹಬ್ಬವಾಗಲಿ ಎಂದು ಸುತ್ತ ಕೆಮ್ಮಣ್ಣು ಬಳಿದೆ. ಬಾಗಿಲ ಕೆಳಗೆ ಸಾಲಾಗಿ ಆರು ತೂತು ಕಂಡವು, ಕಿರುಬೆರಳು ಹೋಗುವಷ್ಟು. ನಟ್ಟು ಹಾಕಲು ಕೊರೆದು, ಹಬ್ಬದ ಗಡಿಬಿಡಿಯಲ್ಲಿ ಹಾಕದೆ ಹೋಗಿದ್ದಾನೆ ಎಂದುಕೊಂಡೆ. ತೂತು ಬಿಂದಿಗೆಯಲ್ಲಿ ನಾವು ದೇವರಿಗೆ ನೀರು ತರುವುದಿಲ್ಲ, ಬಿರುಕು ಬಿಟ್ಟ ಒಲೆಯಲ್ಲಿ ನೈವೇದ್ಯ ಬೇಯಿಸುವುದಿಲ್ಲ. ಒಲೆಯಲ್ಲಿ ಬಿರುಕು ಕಂಡರೆ ಅದೇ ಹೊತ್ತಿಗೆ ಮಣ್ಣು ಮೆತ್ತಬೇಕು ಎಂದು ಕಲಿತವಳು ನಾನು. ಕೆಮ್ಮಣ್ಣನ್ನು ಗಟ್ಟಿಯಾಗಿ ಕಲಸಿ, ಒಂದೊಂದೇ ತೂತಿಗೆ ಇಟ್ಟು, ಹೆಬ್ಬೆರಳಿನಿಂದ ಒತ್ತಿ ಮುಚ್ಚಿದೆ. ಮೇಲೆ ಶೇಡಿಯ ಎಳೆ ಎಳೆದೆ. ಕೂಸಿಗೆ ಒಳ್ಳೆಯದು ಮಾಡಪ್ಪಾ ಎಂದು ಒಂದು ದಾಸವಾಳವನ್ನೂ ಇಟ್ಟೆ.

ಆರು ತೂತು ಒಲೆಯ ಮೂಗು ಎಂಬುದು ನನಗೆ ಗೊತ್ತಿರಲಿಲ್ಲ. ವೆಲ್ಡಿಂಗಿನವ ಇವರಿಗೆ ಹೇಳಿ ಹೋಗಿದ್ದ. ಇವರು ನನಗೆ ಹೇಳಲು ಮರೆತಿದ್ದರು.

ಬೆಳಗಿನ ಜಾವ ಎದ್ದು ದೀಪ ಹಚ್ಚಿ, ಎಣ್ಣೆ ಸ್ನಾನಕ್ಕೆಂದು ಒಲೆಗೆ ಬೆಂಕಿ ಕೊಟ್ಟೆ. ಚಿಲಕ ಹಾಕಿದೆ. ಕೂಸು ಮಧ್ಯಾಹ್ನ ಬರುವುದು, ಅಷ್ಟರಲ್ಲಿ ಗೋಡೆ ಕಾದಿರಲಿ ಎಂದು ಮಡಲು ಜಾಸ್ತಿಯೇ ತುಂಬಿದ್ದೆ. ಬೆಂಕಿ ಒಮ್ಮೆ ಬುಸ್ಸೆಂದು ಎದ್ದು ಕುಗ್ಗಿತು. ಆಮೇಲೆ ಬಾಗಿಲ ಸಂದಿಯಿಂದ ಹೊಗೆ. ಪಕ್ಕದ ಕೋಣೆಗೆ ಓಡಿ ನೋಡಿದರೆ ಅಲ್ಲಿಯೂ ಕಬ್ಬಿಣದ ಹಾಳೆಯ ಅಂಚಿನಿಂದ ಹೊಗೆ ನುಸುಳುತ್ತಿತ್ತು. ಒಗೆದು ಹಾಸಿದ ಹಾಸಿಗೆ, ಮಡಚಿಟ್ಟ ಬಟ್ಟೆ, ತೊಟ್ಟಿಲು, ಎಲ್ಲದರ ಮೇಲೂ ಮಂಜಿನ ಹಾಗೆ. ನಾನು ತೊಟ್ಟಿಲನ್ನೇ ಎತ್ತಿಕೊಂಡು ಜಗುಲಿಗೆ ಓಡಿದೆ. ಅದರಲ್ಲಿ ಕೂಸು ಇಲ್ಲವೆಂಬುದು ಹೊರಗೆ ಬಂದ ಮೇಲೆ ನೆನಪಾಯಿತು.

ಇವರು ಹಂಚಿನ ಕಡೆ ನೋಡುತ್ತಾ, "ಕೊಳವೆ ಕಟ್ಟಿರ್ಬೇಕು. ಆಸ್ಪತ್ರೆಗೆ ಫೋನ್ ಮಾಡ್ವ, ಇನ್ನೆರಡು ದಿನ ಅಲ್ಲೇ ಇಟ್ಕಳ್ಲಿ" ಎಂದರು.

ಅತ್ತೆ ಕಣ್ಣೊರೆಸಿಕೊಳ್ಳುತ್ತಾ ಅಂಗಳಕ್ಕೆ ಬಂದರು. ನನ್ನ ಹಿಡಿತ ತಪ್ಪಿತು.

"ಮೊನ್ನೆ ಚೆಂದಾಗಿ ಉರಿದ ಒಲೆ ಇವತ್ತು ಹೆಂಗೆ ಕಟ್ಟತದೆ? ಅತ್ತೇ, ನೀವೆಂತಾದ್ರೂ ಮಾಡಿದ್ರಾ? ನಿಮಗೆ ಮೊದ್ಲಿಂದ ಆ ಒಲೆ ಬ್ಯಾಡಾಗಿತ್ತು."

ಇಷ್ಟು ವರ್ಷದಲ್ಲಿ ನಾನು ಅವರಿಗೆ ಹಾಗೆ ಎದುರಾಡಿದವಳಲ್ಲ. ಅತ್ತೆ ನನ್ನ ಮುಖವನ್ನೇ ನೋಡಿ, "ನಾ ಮುಟ್ಲಿಲ್ಲ ತಂಗೀ" ಎಂದಷ್ಟೇ ಹೇಳಿದರು.

ನಂಬಬೇಕಿತ್ತು. ನಾನು ನಂಬಲಿಲ್ಲ. ನೇರವಾಗಿ ಒಳಗೆ ಹೋಗಿ, ಅಟ್ಟದ ಕೆಳಗಿನ ಮೂಲೆಯಿಂದ ಹಳೇ ಅಗ್ಗಿಷ್ಟಿಕೆಯನ್ನು ಎಳೆದೆ. ಹಿಂದಿನಿಂದ ಬಾಣಂತಿ ಕೋಣೆಗಳಲ್ಲಿ ಕೆಂಡ ತುಂಬಿ ಇಡುತ್ತಿದ್ದ ಅಗಲ ಬಾಯಿಯ ಮಣ್ಣಿನ ಪಾತ್ರೆ ಅದು. ಡಾಕ್ಟರಮ್ಮ ಬೇಡವೆಂದದ್ದು ಗೊತ್ತಿತ್ತು. ಆದರೆ ಗಾಜಿನ ಪೆಟ್ಟಿಗೆಯಿಂದ ಹೊರಬಂದ ಕೂಸು ತಣ್ಣಗಾದರೆ ಎಂಬ ಹೆದರಿಕೆಯ ಮುಂದೆ ಆ ಮಾತು ದೂರದ್ದಾಗಿತ್ತು. ಕಿಟಕಿ ಒಂದು ಬೆರಳು ತೆರೆದಿಟ್ಟರಾಯಿತು, ಒಂದು ರಾತ್ರಿಯ ಮಟ್ಟಿಗೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಅತ್ತೆ ಹಿಂದಿನಿಂದ ಬಂದು ನನ್ನ ಮಣಿಕಟ್ಟು ಹಿಡಿದರು. ಆ ವಯಸ್ಸಿನ ಕೈಯಲ್ಲಿ ಅಷ್ಟು ಬಲವಿದೆಯೆಂದು ನನಗೆ ತಿಳಿದಿರಲಿಲ್ಲ.

"ಅದನ್ನ ಇಡು."

"ಮತ್ತೆಂತ ಮಾಡೂದು ಅತ್ತೆ? ನೀವೇ ಹೇಳ್ತಿದ್ರಲ್ಲ, ಕೆಂಡ ಸಾಕು ಅಂತ?"

"ಹೇಳ್ತಿದ್ದೆ. ಇಡು ಅದನ್ನ."

ನಾನು ಕೆಳಗಿಟ್ಟೆ. ಅವರು ಅಲ್ಲೇ ನೆಲದ ಮೇಲೆ ಕೂತರು. ಇವರು ಬಾಗಿಲಲ್ಲಿ ನಿಂತಿದ್ದರು. ಅತ್ತೆ ಮಗನ ಕಡೆ ನೋಡದೆ ಹೇಳಿದರು.

"ಇಂವನ ಮೇಲೆ ಒಂದಿತ್ತು. ಹೆಣ್ಣು. ಅದೂ ದಿನ ತುಂಬದ್ದೇ. ಇದೇ ಕೋಣೆ. ಚಳಿ ತಾಗ್ಬಾರ್ದು ಅಂತ ನಾನೇ ಕಿಟಕಿ ಸಂದಿಗೆಲ್ಲ ಬಟ್ಟೆ ತುರ್ಕಿದ್ದೆ. ಒಳ್ಳೆ ಕೆಂಡ, ಕೆಂಪಗೆ, ಒಂದು ಚೂರು ಹೊಗೆ ಇಲ್ಲ. ಬೆಳಿಗ್ಗೆ ನಂಗೆ ತಲೆ ಒಡೆದು ಹೋಗುವಷ್ಟು ನೋವು, ಏಳೂಕೇ ಆಗ್ಲಿಲ್ಲ. ಕೂಸು ಕೆಂಪು ಕೆಂಪಗೆ, ನಿದ್ದೆ ಮಾಡ್ದಂಗೇ ಇತ್ತು. ಗಾಳಿ ಸೋಕಿತು ಅಂದ್ರು ಎಲ್ಲ. ನಾನೂ ಹಂಗೇ ತಿಳ್ಕಂಡೆ. ಮೊನ್ನೆ ನೀ ಬಂದು ಡಾಕ್ಟರ್ ಹೇಳಿದ್ದು ಹೇಳಿದೆ."

ಅವರು ಅತ್ತರೆಂದು ಬರೆದರೆ ಸುಳ್ಳಾದೀತು. ಸೆರಗಿನಿಂದ ಅಗ್ಗಿಷ್ಟಿಕೆಯ ಮೇಲಿನ ಧೂಳು ಒರೆಸುತ್ತಾ ಕೂತಿದ್ದರು. ಊಟ ಬಿಟ್ಟು ಎದ್ದದ್ದು ಯಾಕೆ, ಹೊಸ ಒಲೆಗೆ ಒಂದು ಒಳ್ಳೆಯ ಮಾತು ಯಾಕೆ ಬರಲಿಲ್ಲ ಎಂಬುದೆಲ್ಲ ನನಗೆ ಆಗ ಒಟ್ಟಿಗೇ ತಿಳಿಯಿತು. ಹೊಸ ಒಲೆ ಸರಿ ಎಂದರೆ ಹಳೆಯದು ತಪ್ಪಾಗಿತ್ತು ಎಂದು ಒಪ್ಪಬೇಕಲ್ಲ. ಇವರಿಗೂ ತಮಗೊಬ್ಬ ಅಕ್ಕ ಇದ್ದಳೆಂಬುದು ಅವತ್ತೇ ಗೊತ್ತಾದದ್ದು. ಹೊರಗೆ ಹೋಗಿ ವೆಲ್ಡಿಂಗಿನವನಿಗೆ ಫೋನು ಮಾಡಿದರು.

ವೆಲ್ಡಿಂಗಿನವನ ದನಿ ನಮಗೂ ಕೇಳುತ್ತಿತ್ತು. "ಮೈತುಂಬ ಎಣ್ಣೆ ಹಚ್ಕಂಡು ಕೂತಿದ್ದೆ ಮಾರಾಯ್ರೆ, ಫೋನು ಜಾರ್ತದೆ. ಕೊಳವೆ ಕಟ್ಟೂಕೆ ಸಾಧ್ಯವೇ ಇಲ್ಲ. ಬಾಗ್ಲ ಕೆಳಗಿನ ಆರು ತೂತು ನೋಡಿ. ಅದ್ರಿಂದ್ಲೇ ಗಾಳಿ ಒಳಗೆ ಹೋಗುದು. ಬೂದಿ ತುಂಬದಂಗೆ ನೋಡ್ಕಳಿ ಅಂತ ಅವತ್ತೇ ಹೇಳ್ಲಿಲ್ವಾ?"

"ಹೌದು. ನೀ ಹೇಳಿದ್ದೆ" ಎಂದರು ಇವರು, ಬಹಳ ಸಣ್ಣ ದನಿಯಲ್ಲಿ.

ನಾನು ಒಲೆಯ ಮುಂದೆ ಕೂತೆ. ದಾಸವಾಳ ಬಾಡಿ ಕಪ್ಪಾಗಿತ್ತು. ಅದನ್ನು ಸರಿಸಿದೆ. ಒಣಗಿ ಗಟ್ಟಿಯಾದ ಕೆಮ್ಮಣ್ಣಿನ ಮೇಲೆ ಆರು ಕಡೆ ನನ್ನ ಹೆಬ್ಬೆರಳಿನ ಗುರುತು ನಿಚ್ಚಳವಾಗಿ ಮೂಡಿತ್ತು.

ಅತ್ತೆ ಹಿಡಿ ಪೊರಕೆಯಿಂದ ಒಂದು ತೆಂಗಿನ ಕಡ್ಡಿ ಮುರಿದು ತಂದು ನನ್ನ ಕೈಗೆ ಕೊಟ್ಟರು. ಕಡ್ಡಿ ಬಾಗಿತು. ಕೊನೆಗೆ ಇವರ ಸ್ಕ್ರೂ ಡ್ರೈವರಿನಿಂದಲೇ ಕುಟ್ಟಿ ತೆಗೆದೆ. ಮೂರನೆಯ ತೂತು ಬಿಡುವಷ್ಟರಲ್ಲಿ ಒಳಗೆ ಗುರ್ ಎಂಬ ಸದ್ದು. ಆರನೆಯದು ಬಿಟ್ಟಾಗ ಬೆಂಕಿ ಸರಿಯಾಗಿ ಎದ್ದು ನಿಂತಿತು, ಸಂದಿಯ ಹೊಗೆ ನಿಂತಿತು. ಅಂಗಳದಿಂದ ಇವರು ಕೂಗಿದರು: "ಬಂತು, ಬಂತು, ಕೊಳವೆಲಿ ಬಂತು!" ಕದ್ರಾದಲ್ಲಿ ಯಂತ್ರ ತಿರುಗಿಸಿದಾಗಲೂ ಅವರು ಅಷ್ಟು ಜೋರು ಕೂಗಿರಲಿಕ್ಕಿಲ್ಲ.

ಬಾಗಿಲು ಕಿಟಕಿ ಎಲ್ಲ ತೆರೆದಿಟ್ಟೆವು. ಬಟ್ಟೆಗಳನ್ನು ಮತ್ತೆ ಒಗೆದು ಬಿಸಿಲಿಗೆ ಹಾಕಿದೆ. ಹಬ್ಬದ ಅವಲಕ್ಕಿ ಹಾಗೇ ಉಳಿದಿತ್ತು. ಬಿಸಿಲು ಏರಿದ ಮೇಲೆ ನೆನಪಾಯಿತು, ಯಾರೂ ಎಣ್ಣೆ ಸ್ನಾನ ಮಾಡಿಲ್ಲ. ಅತ್ತೆಯನ್ನು ಮಣೆಯ ಮೇಲೆ ಕೂರಿಸಿ ನೆತ್ತಿಗೆ ಎಣ್ಣೆ ಹಾಕಿದೆ. ಕೈ ತನ್ನಷ್ಟಕ್ಕೆ ತಿಕ್ಕುತ್ತಿತ್ತು, ಕಣ್ಣು ತನ್ನಷ್ಟಕ್ಕೆ ಹರಿಯುತ್ತಿತ್ತು.

"ಎಣ್ಣೆ ನೆತ್ತಿಗೆ ಹಾಕು ಮಾರಾಯ್ತಿ, ಕಣ್ಣಿಗೆಲ್ಲ ಬಿಡ್ಬ್ಯಾಡ" ಎಂದರು.

"ತಪ್ಪಾಯ್ತು ಅತ್ತೆ."

"ಎಂತ ತಪ್ಪು? ಅವತ್ತು ತೂತು ಮುಚ್ಚಿದವಳೇ ನಾನೂ."

ಇಷ್ಟೇ. ಹಂಡೆಯ ಬಿಸಿನೀರು ಸುರಿದೆ. ಬೆನ್ನ ಮೇಲೆ ನೀರು ಬಿದ್ದಾಗ ಅವರು "ಹಾಂ, ಬಿಸಿ ಒಳ್ಳೇದಾಗದೆ" ಎಂದರು. ಒಲೆಗೆ ಸಿಕ್ಕಿದ ಮೊದಲ ಹೊಗಳಿಕೆ.

ಮಧ್ಯಾಹ್ನ ಎರಡರ ಹೊತ್ತಿಗೆ ಕಾರು ಬಂತು. ಮಗಳು ಇಳಿದಳು, ಎದೆಯ ಮೇಲೆ ಬಟ್ಟೆಯಲ್ಲಿ ಕಟ್ಟಿದ ಗಂಟು. ನಾನು ಆರತಿ ಎತ್ತಿದೆ, ಹೊಗೆಯಾಗದಂತೆ ಬರೀ ಕುಂಕುಮದ ನೀರಿನ ಆರತಿ. ಕೋಣೆ ಅಷ್ಟರಲ್ಲಿ ಹದವಾಗಿ ಕಾದಿತ್ತು. ಕಬ್ಬಿಣದ ಹಾಳೆಯ ಮುಂದೆ ಯಾರೂ ತಾಗದಂತೆ ಇವರು ಮರದ ಪಟ್ಟಿ ಹೊಡೆದಿದ್ದರು, ಹೀಟರಿನ ಡಬ್ಬಿಯ ಜೊತೆ ತಂದಿದ್ದ ಉಷ್ಣಮಾಪಕವನ್ನು ಗೋಡೆಗೆ ತೂಗಿದ್ದರು. ಗಳಿಗೆಗೊಮ್ಮೆ ಬಂದು ನೋಡುತ್ತಿದ್ದರು. ಅತ್ತೆ ಅದನ್ನು ನೋಡದೆ ಗೋಡೆಗೆ ಅಂಗೈ ಹಿಡಿದು, "ಇನ್ನೊಂದು ಸಿಪ್ಪೆ ಹಾಕು" ಎನ್ನುತ್ತಿದ್ದರು. ಇಬ್ಬರ ಲೆಕ್ಕವೂ ಹೆಚ್ಚು ಕಡಿಮೆ ಒಂದೇ ಬರುತ್ತಿತ್ತು.

ಸಂಜೆ ಕೂಸು ಒಮ್ಮೆ ಮುಖ ಕಿವಿಚಿತು, ಮೂಗು ಅರಳಿಸಿತು. ನಾವು ನಾಲ್ವರೂ ಉಸಿರು ಬಿಗಿಹಿಡಿದೆವು. ನಾನು ಗಾಳಿಯಲ್ಲಿ ಹೊಗೆ ಮೂಸಿದೆ, ಇವರು ಕಿಟಕಿಯ ಕಡೆ ಒಂದು ಹೆಜ್ಜೆ ಇಟ್ಟೇ ಬಿಟ್ಟರು. ಕೂಸು ಸೀನಿತು.

"ನೂರು ವರ್ಷ" ಎಂದರು ಅತ್ತೆ.

ಈಗ ಆ ಕೂಸಿಗೆ ಮಾತು ಬಂದಿದೆ. ಮಗಳು ಕರೆದುಕೊಂಡು ಬಂದಾಗಲೆಲ್ಲ ಬಚ್ಚಲ ಒಲೆಯ ಹತ್ತಿರ ಹೋಗಬೇಡ ಎಂದರೆ ಮೊದಲು ಅಲ್ಲಿಗೇ ಓಡುತ್ತದೆ. ದೀಪಾವಳಿ ಬಂದರೆ ಕೆಮ್ಮಣ್ಣು ಬಳಿಯುವುದು ಈಗಲೂ ನಾನೇ. ಆದರೆ ಬಾಗಿಲ ಕೆಳಗಿನ ಪಟ್ಟಿಯನ್ನು ಅತ್ತೆ ನನಗೆ ಬಿಡುವುದಿಲ್ಲ. ಮಣೆ ಹಾಕಿ ಕೂತು, ನಡುಗುವ ಬೆರಳನ್ನು ಶೇಡಿಯಲ್ಲಿ ಅದ್ದಿ, ಆರು ತೂತುಗಳ ಸುತ್ತಲೂ ಆರು ಬಿಳಿ ಬಳೆ ಬರೆಯುತ್ತಾರೆ. ಯಾರ ಕೈಯೂ ಮರೆತು ಅಲ್ಲಿಗೆ ಮಣ್ಣು ಒತ್ತಬಾರದು. ಉಳಿದ ದಿನಗಳಲ್ಲಿ, ಸಂಜೆ ನಾನು ದೇವರ ಮುಂದೆ ಕೂತು ಬೆರಳು ಮಡಚುವ ಹೊತ್ತಿಗೆ, ಅವರು ಕಡ್ಡಿ ಹಿಡಿದು ಒಲೆಯ ಮುಂದೆ ಕೂತಿರುತ್ತಾರೆ. ಬೂದಿ ಕೆದಕುವ ಸದ್ದು ದೇವರ ಕೋಣೆಯ ತನಕ ಕೇಳುತ್ತದೆ.

"ಒಂದು, ಎರಡು" ಎಂದು ಎಣಿಸುತ್ತಾರೆ. ಆರಕ್ಕೆ ಬಂದ ಮೇಲೆ, "ಎಲ್ಲ ತೆರೆದೇ ಅದೆ" ಎನ್ನುತ್ತಾರೆ, ನನಗೆ ಕೇಳುವಷ್ಟು ಗಟ್ಟಿಯಾಗಿ.